ಸದ್ದು ಹೆಚ್ಚಾದರೆ ಗಾಡಿ ಹೆಚ್ಚು ಎಳೆಯುತ್ತದೆಯೇ?

ಒಂಬತ್ತನೇ ತರಗತಿಯಲ್ಲಿ ಶಬ್ದದ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಸಾರ್, ಬುಲೆಟ್ ಗಾಡಿ ಸೈಲೆನ್ಸರ್ ಒಳಗಿನ ಜಾಲರಿ ತೆಗೆಸಿದ್ರೆ ಪವರ್ ಜಾಸ್ತಿ ಆಗುತ್ತಂತೆ, ನಿಜಾನಾ?" ತರಗತಿ ನಕ್ಕಿತು. ನಾನು ನಗಲಿಲ್ಲ. ಯಾಕೆಂದರೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನೂ ಅದನ್ನು ನಂಬಿದ್ದೆ, ನಂಬಿ ದುಡ್ಡು ಕಳೆದುಕೊಂಡಿದ್ದೆ. ಆ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಲೆಕ್ಕ ಮಾಡೋಣ.

ಸೈಲೆನ್ಸರ್ ಇಲ್ಲದ ಗಾಡಿಯಿಂದ 1 ಮೀಟರ್ ದೂರದಲ್ಲಿ 110 ಡೆಸಿಬೆಲ್ ಸದ್ದು ಇದೆ ಅಂದುಕೊಳ್ಳಿ. ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುವಷ್ಟು ಸದ್ದು ಅದು. ಅಲ್ಲಿ ಶಬ್ದದ ತೀವ್ರತೆ ಪ್ರತಿ ಚದರ ಮೀಟರಿಗೆ 0.1 ವಾಟ್. 1 ಮೀಟರ್ ತ್ರಿಜ್ಯದ ಗೋಳದ ಮೇಲ್ಮೈ 4 × 3.14 × 1 × 1, ಅಂದರೆ ಸುಮಾರು 12.6 ಚದರ ಮೀಟರ್. ಎರಡನ್ನೂ ಗುಣಿಸಿದರೆ 1.26 ವಾಟ್. ಅಷ್ಟು ದೊಡ್ಡ ಅಬ್ಬರಕ್ಕೆ ಒಂದು ಪುಟ್ಟ ಎಲ್‌ಇಡಿ ಬಲ್ಬಿನಷ್ಟೂ ಸಾಮರ್ಥ್ಯ ಇಲ್ಲ! ಅದೇ ಗಾಡಿಯ ಎಂಜಿನ್ ಕೊಡುವುದು 14,000 ವಾಟ್‌ಗಿಂತ ಹೆಚ್ಚು. ಆದ್ದರಿಂದ ಸೈಲೆನ್ಸರ್ ಸದ್ದನ್ನು ನುಂಗುವಾಗ ಸಾಮರ್ಥ್ಯವನ್ನೂ ನುಂಗಿಬಿಡುತ್ತದೆ ಅನ್ನುವ ಮಾತು ಇಲ್ಲಿಗೇ ಬಿದ್ದುಹೋಯಿತು.

ಹಾಗಾದರೆ ಆ 14,000 ವಾಟ್ ಎಲ್ಲಿಂದ ಬರುತ್ತದೆ? ಪೆಟ್ರೋಲಿನಿಂದ ಅಂತ ಎಲ್ಲರೂ ಹೇಳುತ್ತೀರಿ. ತಪ್ಪಲ್ಲ. ಆದರೆ ಪೆಟ್ರೋಲ್ ಎಷ್ಟು ಬೇಕಾದರೂ ಸುರಿಯಬಹುದು. ಅದನ್ನು ಸುಡಲು ಬೇಕಾದ ಗಾಳಿಯನ್ನು ಒಳಗೆ ತರುವುದೇ ಕಷ್ಟದ ಕೆಲಸ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಂಜಿನ್ ಅಂದರೆ ಮೊದಲು ಒಂದು ಗಾಳಿಯ ಪಂಪು, ಆಮೇಲೆ ಒಲೆ.

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಗಾಡಿಯ ಹಳೆಯ ಮಾದರಿಯನ್ನೇ ತೆಗೆದುಕೊಳ್ಳೋಣ. ಸಿಲಿಂಡರಿನ ವ್ಯಾಸ 70 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ 90 ಮಿಲಿಮೀಟರ್. ಸಿಲಿಂಡರಿನ ಘನಫಲ ನಿಮಗೆ ಗೊತ್ತೇ ಇದೆ: 3.14 × 3.5 × 3.5 × 9 = 346 ಸಿ.ಸಿ. ಒಂದು ಸಿ.ಸಿ. ಗಾಳಿ ಸುಮಾರು 1.2 ಮಿಲಿಗ್ರಾಂ. ಒಂದು ಸಲ ಪೂರ್ತಿ ಎಳೆದುಕೊಂಡರೆ 415 ಮಿಲಿಗ್ರಾಂ ಗಾಳಿ, ಅದಕ್ಕೆ ತಕ್ಕ ಪೆಟ್ರೋಲ್ 28 ಮಿಲಿಗ್ರಾಂ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದೇ ಸಲ ಉಸಿರೆಳೆಯುತ್ತದೆ. ನಿಮಿಷಕ್ಕೆ 5250 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 44 ಉಸಿರು. 1 ಗ್ರಾಂ ಪೆಟ್ರೋಲಿನಿಂದ ಸುಮಾರು 44 ಕಿಲೋಜೂಲ್ ಉಷ್ಣ ಬರುತ್ತದೆ. ಗುಣಿಸಿ ನೋಡಿ, ಸೆಕೆಂಡಿಗೆ 54 ಕಿಲೋಜೂಲ್. ಆದರೆ ಕಂಪನಿ ಹೇಳುವುದು 19.8 ಹಾರ್ಸ್‌ಪವರ್, ಅಂದರೆ 14.8 ಕಿಲೋವಾಟ್ ಮಾತ್ರ. ಉಳಿದದ್ದು ಎಲ್ಲಿ ಹೋಯಿತು? ವೇಗದಲ್ಲಿ ಸಿಲಿಂಡರ್ ಪೂರ್ತಿ ತುಂಬುವುದೇ ಇಲ್ಲ. ತುಂಬಿದ್ದರ ಉಷ್ಣದಲ್ಲೂ ದೊಡ್ಡ ಪಾಲು ಹೊಗೆಯ ಜೊತೆ ಮತ್ತು ಎಂಜಿನ್ನಿನ ರೆಕ್ಕೆಗಳ ಮೂಲಕ ಹೊರಗೆ ಹೋಗುತ್ತದೆ.

ಊಟಿಯ ಮಕ್ಕಳಿಗೆ ಇದು ಬೇಗ ಅರ್ಥ ಆಗುತ್ತದೆ. ಊಟಿ ಸಮುದ್ರ ಮಟ್ಟದಿಂದ 2240 ಮೀಟರ್ ಮೇಲಿದೆ. ಕಾಸರಗೋಡಿನ ಕಡಲ ದಂಡೆಗೆ ಹೋಲಿಸಿದರೆ ಅಲ್ಲಿನ ಗಾಳಿಯ ಸಾಂದ್ರತೆ ಸುಮಾರು ಐದನೇ ಒಂದು ಭಾಗ ಕಡಿಮೆ. ಅದೇ ಗಾಡಿ, ಅದೇ ಪೆಟ್ರೋಲ್, ಆದರೂ ಅಲ್ಲಿ ಸಾಮರ್ಥ್ಯ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಗಾಡಿಗೆ ಏನೂ ಆಗಿರುವುದಿಲ್ಲ, ಉಸಿರು ಸಾಲದು ಅಷ್ಟೆ.

ಈಗ ಸೂತ್ರ. ಸಾಮರ್ಥ್ಯ = ಟಾರ್ಕ್ × ಕೋನ ವೇಗ. ಟಾರ್ಕ್ ಅಂದರೆ ತಿರುಗಿಸುವ ಬಲ. ಬಾವಿಯ ರಾಟೆಯಲ್ಲಿ ಹಿಡಿ ಉದ್ದ ಆದಷ್ಟೂ ಸುಲಭವಾಗುತ್ತದಲ್ಲ, ಅದೇ. ಹಳೆಯ ಕ್ಲಾಸಿಕ್‌ನ ಗರಿಷ್ಠ ಟಾರ್ಕ್ 28 ನ್ಯೂಟನ್ ಮೀಟರ್, ಅದು ಸಿಗುವುದು 4000 ಸುತ್ತಿನಲ್ಲಿ. ಆಗ ಸಾಮರ್ಥ್ಯ 11.7 ಕಿಲೋವಾಟ್. 5250 ಸುತ್ತಿಗೆ ಹೋದಾಗ ಟಾರ್ಕ್ ಸುಮಾರು 27ಕ್ಕೆ ಇಳಿದಿರುತ್ತದೆ, ಆದರೂ ಸಾಮರ್ಥ್ಯ 14.8ಕ್ಕೆ ಏರಿರುತ್ತದೆ. ಒಂದೊಂದು ಪೆಟ್ಟಿನ ಬಲ ಕಡಿಮೆ, ಪೆಟ್ಟುಗಳ ಸಂಖ್ಯೆ ಹೆಚ್ಚು. ಹಾಗಾಗಿ ಸಾಮರ್ಥ್ಯ ಹೆಚ್ಚಿಸಲು ಇರುವುದು ಎರಡೇ ದಾರಿ: ಪ್ರತಿ ಪೆಟ್ಟನ್ನು ಬಲಪಡಿಸಬೇಕು, ಇಲ್ಲವೇ ಪೆಟ್ಟುಗಳನ್ನು ಹೆಚ್ಚಿಸಬೇಕು.

ಪೆಟ್ಟನ್ನು ಬಲಪಡಿಸಲು ಸಿಲಿಂಡರ್ ಕೊರೆದು ದೊಡ್ಡದು ಮಾಡಬಹುದು. ಅರ್ಧ ಮಿಲಿಮೀಟರ್ ಕೊರೆದರೆ ವ್ಯಾಸ 70.5 ಆಗುತ್ತದೆ, ಘನಫಲ 346ರಿಂದ 351ಕ್ಕೆ ಏರುತ್ತದೆ. ನೂರಕ್ಕೆ ಒಂದೂವರೆಯಷ್ಟೂ ಇಲ್ಲ. ಇನ್ನೊಂದು, ಮಿಶ್ರಣವನ್ನು ಹೆಚ್ಚು ಒತ್ತುವುದು. ಈ ಗಾಡಿಯ ಸಂಪೀಡನ ಅನುಪಾತ 8.5. ಅಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 346 ÷ 7.5 = 46 ಸಿ.ಸಿ. ಇದನ್ನು 9.5 ಮಾಡಬೇಕಾದರೆ ಜಾಗ 40.7 ಸಿ.ಸಿ.ಗೆ ಇಳಿಯಬೇಕು. ಅದಕ್ಕೆ ಸಿಲಿಂಡರಿನ ತಳದಲ್ಲಿ ಅಂದಾಜು 1.4 ಮಿಲಿಮೀಟರ್ ಉಜ್ಜಿ ತೆಗೆದರೆ ಸಾಕು. ಕೇಳಲು ಸುಲಭ! ಆದರ್ಶ ಲೆಕ್ಕದಲ್ಲಿ ದಕ್ಷತೆ ಶೇಕಡಾ 57.5ರಿಂದ 59.4ಕ್ಕೆ ಏರುತ್ತದೆ. ಅಂದರೆ 19.8 ಹಾರ್ಸ್‌ಪವರ್ ಸುಮಾರು 20.5 ಆಗಬಹುದು. ಆದರೆ ಒತ್ತಿದಷ್ಟೂ ಮಿಶ್ರಣ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದ್ದೀರಲ್ಲ? ಮಿತಿ ಮೀರಿದರೆ ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತಾನಾಗಿ ಸಿಡಿಯುತ್ತದೆ. ಅದೇ 'ನಾಕಿಂಗ್'. ಕಲ್ಲು ಅಲುಗಾಡಿಸಿದ ಹಾಗೆ ಟಣಟಣ ಸದ್ದು ಬರುತ್ತದೆ, ಮುಂದುವರಿದರೆ ಪಿಸ್ಟನ್ನಿನ ತಲೆ ತೂತಾಗುತ್ತದೆ.

ಎರಡನೇ ದಾರಿ, ಸುತ್ತು ಹೆಚ್ಚಿಸುವುದು. ಇಲ್ಲಿ ನ್ಯೂಟನ್ ಅಡ್ಡ ಬರುತ್ತಾನೆ. ಪಿಸ್ಟನ್ ಪ್ರತಿ ಸುತ್ತಿಗೆ ಎರಡು ಸಲ ನಿಂತು ಮತ್ತೆ ಓಡಬೇಕು. ಅದಕ್ಕೆ ಬೇಕಾದ ಬಲ ಸುತ್ತಿನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಸುತ್ತು ಶೇಕಡಾ 10 ಏರಿದರೆ ಕನೆಕ್ಟಿಂಗ್ ರಾಡಿನ ಮೇಲಿನ ಎಳೆತ ಶೇಕಡಾ 21 ಏರುತ್ತದೆ. 90 ಮಿಲಿಮೀಟರಿನ ಉದ್ದ ಓಟದ ಈ ಎಂಜಿನ್ ಓಡುವ ಕುದುರೆಯಲ್ಲ, ಎಳೆಯುವ ಎತ್ತು. ಅದರ ಸೊಗಸೂ ಅಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

2021ರಲ್ಲಿ ಬಂದ ಹೊಸ ಕ್ಲಾಸಿಕ್ 350ರಲ್ಲಿ ಎಂಜಿನಿಯರುಗಳೇ ಏನು ಮಾಡಿದರು ನೋಡಿ. ವ್ಯಾಸ 72, ಓಟ 85.8 ಮಿಲಿಮೀಟರ್; ಸಂಪೀಡನ 9.5, ಕ್ಯಾಮ್ ಅನ್ನು ಕೆಳಗಿನಿಂದ ತೆಗೆದು ತಲೆಯ ಮೇಲೆ ಇಟ್ಟರು. ಎಂಜಿನ್ ಪೂರ್ತಿ ಹೊಸದು. ಸಿಕ್ಕಿದ್ದು 20.2 ಹಾರ್ಸ್‌ಪವರ್, ಅದೂ 6100 ಸುತ್ತಿನಲ್ಲಿ. ಟಾರ್ಕ್ 27, ಒಂದು ಕಡಿಮೆಯೇ. ಅವರ ಗಮನ ಇದ್ದದ್ದು ನಡುಕ ಮತ್ತು ಹೊಗೆ ಕಡಿಮೆ ಮಾಡುವುದರ ಕಡೆಗೆ. ಆದರೂ ಯೋಚಿಸಿ, ಇಷ್ಟೆಲ್ಲ ಬದಲಾವಣೆಯ ನಂತರ ಲೆಕ್ಕದಲ್ಲಿ ಏರಿದ್ದು ಅರ್ಧ ಕುದುರೆಯೂ ಅಲ್ಲ. ರಸ್ತೆ ಬದಿಯಲ್ಲಿ ಅರ್ಧ ಗಂಟೆಯಲ್ಲಿ ಐದು ಹಾರ್ಸ್‌ಪವರ್ ಕೂಡಿಸಿ ಕೊಡುತ್ತೇನೆ ಅನ್ನುವವರನ್ನು ಏನೆನ್ನಬೇಕು?

ಈಗ ನನ್ನ ಕಥೆ. ಚಿಕ್ಕಪ್ಪನ ಹತ್ತಿರ ಕಾರ್ಬುರೇಟರ್ ಇದ್ದ ಹಳೆಯ ಬುಲೆಟ್ ಇತ್ತು. ಗೆಳೆಯನೊಬ್ಬನ ಮಾತು ಕೇಳಿ ಸೈಲೆನ್ಸರಿನ ಒಳಭಾಗ ತೆಗೆದೆ, ಏರ್ ಫಿಲ್ಟರನ್ನೂ ಕಿತ್ತೆ. ಏನು ಸದ್ದು ಅಂತೀರಿ! ಊರೊಳಗೆ ಗಾಡಿ ಹಾರುತ್ತಿದೆ ಅನ್ನಿಸಿತು. ಆ ವಾರವೇ ಚಿಕ್ಕಪ್ಪನನ್ನು ಹಿಂದೆ ಕೂರಿಸಿಕೊಂಡು ಬಣ್ಣಾರಿಯಿಂದ ದಿಂಬಂ ಘಾಟಿ ಹತ್ತಿದೆ. ಇಪ್ಪತ್ತೇಳು ತಿರುವು. ಮೊದಲು ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ತಿರುವುಗಳಲ್ಲಿ ಒಂದನೇ ಗೇರಿಗೆ ಇಳಿಯಬೇಕಾಯಿತು. ಮೇಲೆ ತಲುಪುವಷ್ಟರಲ್ಲಿ ಸೈಲೆನ್ಸರಿನಿಂದ ಫಟ್ ಫಟ್. ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: "ಏನೋ ಮಾಡಿದ್ದೀಯ ಇದಕ್ಕೆ?"

ಆಗಿದ್ದು ಎರಡು. ಒಂದು, ಶಬ್ದದ ಪಾಠದ್ದೇ ವಿಷಯ. ಹೊಗೆ ಹೊರಬರುವಾಗ ಕೊಳವೆಯಲ್ಲಿ ಒತ್ತಡದ ಅಲೆ ಓಡುತ್ತದೆ. ಕೊಳವೆಯ ತೆರೆದ ತುದಿಯಲ್ಲಿ ಅದು ತಿರುಗಿ ವಿರಳನದ ಅಲೆಯಾಗಿ ವಾಪಸ್ ಬರುತ್ತದೆ. ಎರಡೂ ವಾಲ್ವ್‌ಗಳು ಒಂದು ಕ್ಷಣ ಒಟ್ಟಿಗೆ ತೆರೆದಿರುವಾಗ ಈ ಅಲೆ ಬಂದು ತಲುಪಿದರೆ ಉಳಿದ ಹೊಗೆಯನ್ನು ಹೀರಿ ಹೊಸ ಗಾಳಿಗೆ ಜಾಗ ಮಾಡುತ್ತದೆ. ಕೊಳವೆಯ ಉದ್ದ, ಸೈಲೆನ್ಸರಿನ ಒಳರಚನೆ ಎಲ್ಲ ಈ ಸಮಯಕ್ಕೆ ಹೊಂದಿಸಿದ್ದು. ನಾನು ಆ ಸಮಯವನ್ನೇ ಕೆಡಿಸಿದ್ದೆ. ಎರಡು, ಗಾಳಿಯ ಹರಿವು ಬದಲಾದರೂ ಕಾರ್ಬುರೇಟರಿನ ಜೆಟ್ ಹಳೆಯದೇ. ಪೆಟ್ರೋಲ್ ಸಾಲದೆ ಎಂಜಿನ್ ಮಿತಿಮೀರಿ ಬಿಸಿಯಾಯಿತು. ಒಂದೂವರೆ ತಿಂಗಳಲ್ಲಿ ಕಿಕ್ ಹೊಡೆದರೆ ಪೆಡಲ್ ಯಾವ ತಡೆಯೂ ಇಲ್ಲದೆ ಬುಡಕ್ಕೆ ಹೋಗುತ್ತಿತ್ತು. ಬಿಚ್ಚಿ ನೋಡಿದರೆ ಹೊಗೆ ಬಿಡುವ ವಾಲ್ವಿನ ಅಂಚು ಇಲಿ ಕಚ್ಚಿದ ರೊಟ್ಟಿಯ ಹಾಗೆ ಸುಟ್ಟಿತ್ತು. ಮೂರು ತಿಂಗಳ ಟ್ಯೂಷನ್ ದುಡ್ಡು ಅದಕ್ಕೇ ಹೋಯಿತು. ಆ ವಾಲ್ವ್ ಈಗ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿದೆ, ಬಂದವರು ನೋಡಬಹುದು.

ಸರಿಯಾಗಿ ಟ್ಯೂನ್ ಮಾಡಿದರೂ ಲಾಭ ಎಷ್ಟು? ವೇಗದಲ್ಲಿ ಗಾಳಿಯ ತಡೆಗೆ ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಸಾಮರ್ಥ್ಯ ಶೇಕಡಾ 20 ಹೆಚ್ಚಿದರೆ ಗರಿಷ್ಠ ವೇಗ 1.2ರ ಘನಮೂಲದಷ್ಟು, ಅಂದರೆ ಶೇಕಡಾ 6 ಮಾತ್ರ ಏರುತ್ತದೆ. 110 ಹೋಗುವ ಗಾಡಿ 117 ಹೋದೀತು. ಘಾಟಿ ಹತ್ತಲು ಇದರಿಂದ ಉಪಯೋಗವೂ ಕಡಿಮೆ. ಇಬ್ಬರು ಕುಳಿತ 325 ಕಿಲೋ ಗಾಡಿ, 100 ಮೀಟರಿಗೆ 10 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 36 ಕಿಲೋಮೀಟರ್ ಹೋದರೆ, ಗುರುತ್ವದ ವಿರುದ್ಧ ಬೇಕಾಗುವುದು 325 × 9.8 × 1, ಅಂದರೆ 3.2 ಕಿಲೋವಾಟ್ ಅಷ್ಟೇ. ಎಂಜಿನ್ನಿನಲ್ಲಿ ಅದರ ನಾಲ್ಕು ಪಟ್ಟು ಇದೆ. ಅಲ್ಲಿ ಬೇಕಾದ್ದು ಚಕ್ರಕ್ಕೆ ತಲುಪುವ ಟಾರ್ಕ್. ಹಿಂದಿನ ಚಕ್ರದ ಸ್ಪ್ರಾಕೆಟ್ಟಿಗೆ ಒಂದೆರಡು ಹಲ್ಲು ಹೆಚ್ಚಿದ್ದರೆ ಎಳೆತ ಹೆಚ್ಚುತ್ತದೆ, ಆದರೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು. ಸನ್ನೆಕೋಲಿನ ನಿಯಮವೇ.

ಮನೆಯಲ್ಲಿ ಹಳೆಯ ಗಾಡಿ ಎಳೆಯುತ್ತಿಲ್ಲ ಅಂದರೆ ಹೊಸ ಸಾಮರ್ಥ್ಯ ಹುಡುಕುವ ಮೊದಲು ಕಳೆದುಹೋದದ್ದನ್ನು ಹುಡುಕಿ. ಧೂಳು ಹಿಡಿದ ಏರ್ ಫಿಲ್ಟರ್, ಅಂತರ ತಪ್ಪಿದ ವಾಲ್ವ್ ಮತ್ತು ಸ್ಪಾರ್ಕ್ ಪ್ಲಗ್, ಒಣಗಿದ ಚೈನ್, ಗಾಳಿ ಇಳಿದ ಟೈರ್. ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣ ಇದ್ದರೆ ಸರಿ. ಬಿಳಚಿದ್ದರೆ ಪೆಟ್ರೋಲ್ ಕಡಿಮೆ, ಮಸಿ ಹಿಡಿದಿದ್ದರೆ ಹೆಚ್ಚು. ಇದನ್ನೆಲ್ಲ ದೊಡ್ಡವರ ಜೊತೆ ನಿಂತು ನೋಡಿ, ಎಂಜಿನ್ ಆರಿದ ಮೇಲೆ. ಗೇರ್ ಗಾಡಿ ಓಡಿಸಲು 18 ವರ್ಷ ಆಗಬೇಕು. ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕಿದೆ.

ಮನೆಯಲ್ಲಿ ಮಾಡಲು ಒಂದು ಲೆಕ್ಕ: ಒಂದು ಕಾಲದಲ್ಲಿ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಗಾಡಿಯ ಸಿಲಿಂಡರ್ ವ್ಯಾಸ 65, ಓಟ 75 ಮಿಲಿಮೀಟರ್. ಅದು ಎರಡು ಸ್ಟ್ರೋಕ್ ಎಂಜಿನ್, ಪ್ರತಿ ಸುತ್ತಿಗೂ ಒಂದು ಪೆಟ್ಟು. ಅದರ ಘನಫಲ ಎಷ್ಟು? 4500 ಸುತ್ತಿನಲ್ಲಿ ಸೆಕೆಂಡಿಗೆ ಎಷ್ಟು ಪೆಟ್ಟು? ಅದೇ ಸುತ್ತಿನಲ್ಲಿ ಬುಲೆಟ್ಟಿನದು ಎಷ್ಟು? ಹಾಗಿದ್ದರೂ ಜಾವಾದ ಸಾಮರ್ಥ್ಯ ಬುಲೆಟ್ಟಿನ ಎರಡರಷ್ಟು ಯಾಕೆ ಆಗಲಿಲ್ಲ, ಕಾರಣ ಬರೆದು ತನ್ನಿ.