ನಿಸ್ತಂತು ಜಾಲದ ದೋಷಪರಿಶೋಧನೆ: ಲಿನಕ್ಸ್ ಗಣಕಯಂತ್ರದಲ್ಲಿ ಕ್ರಮವರಿತ ವಿಚಾರ

ಪೀಠಿಕೆ

ಕನ್ನಡ ಪಂಡಿತನಿಗೆ ಗಣಕಯಂತ್ರದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು; ಕೇಳತಕ್ಕ ಪ್ರಶ್ನೆಯೇ ಸರಿ. ಗೌರಸಮುದ್ರದ ಸುತ್ತಲಿನ ಹಟ್ಟಿಗಳಲ್ಲಿ ಹಿರಿಯರ ಬಾಯಲ್ಲಿ ಉಳಿದಿರುವ ಹಾಡು, ಗಾದೆ, ಒಗಟು, ಬೇಸಾಯದ ಮಾತುಗಳನ್ನು ನಮ್ಮ ವಿದ್ಯಾರ್ಥಿಗಳು ಎರಡು ವರ್ಷ ಅಲೆದು ಸಂಗ್ರಹಿಸಿ ಒಂದು ಗಣಕಯಂತ್ರದಲ್ಲಿ ತುಂಬಿಟ್ಟಿದ್ದರು. ಅದು ಲಿನಕ್ಸ್ ವರ್ಗದ ಉಬುಂಟು ಎಂಬ ವ್ಯವಸ್ಥೆಯಿಂದ ನಡೆಯುವ ಯಂತ್ರ. ಒಂದು ಬೆಳಿಗ್ಗೆ ಅದರ ವೈ-ಫೈ ಸಂಪರ್ಕ ನಿಂತುಹೋಯಿತು. ರಿಪೇರಿಗೆ ಬಂದವರು ಎರಡು ನಿಮಿಷ ನೋಡಿ, "ಎಲ್ಲ ಅಳಿಸಿ ಬೇರೆ ಹಾಕಬೇಕು ಮೇಷ್ಟ್ರೇ, ಇನ್ನು ಬೇರೆ ದಾರಿಯಿಲ್ಲ" ಎಂದರು. ಅಳಿಸಿದ್ದರೆ ಮಕ್ಕಳ ದುಡಿಮೆಯೆಲ್ಲ ಅಳಿಯುತ್ತಿತ್ತು. ಅದರ ಪ್ರತಿ ಬೇರೆಲ್ಲಿಯೂ ಇರಲಿಲ್ಲ. ನಾನು ತಡೆದೆನು. ಆಮೇಲೆ ವಿದ್ಯಾರ್ಥಿಗಳೊಡನೆ ಕುಳಿತು ಕಲಿತುದನ್ನು ಇಲ್ಲಿ ನಿರೂಪಿಸಿದ್ದೇನೆ.

ಮೊಳಕಾಲ್ಮೂರಿನ ಮಗ್ಗದಲ್ಲಿ ಹಾಸಿನ ಎಳೆಯೊಂದು ಕಡಿದರೆ ನೇಕಾರನು ಇಡೀ ಹಾಸನ್ನು ಕಿತ್ತೊಗೆಯುವುದಿಲ್ಲ. ಕಡಿದ ಎಳೆಯನ್ನು ಹುಡುಕಿ ಗಂಟು ಹಾಕುತ್ತಾನೆ. ಪದ್ಯ ಅರ್ಥವಾಗದಿದ್ದರೆ ನಾವು ಮೊದಲು ಪದಚ್ಛೇದ, ಅನಂತರ ಅನ್ವಯ, ಕಡೆಗೆ ತಾತ್ಪರ್ಯ ಎಂದು ಸಾಗುತ್ತೇವೆ. ಯಂತ್ರದ ದೋಷಪರಿಶೋಧನೆಯೂ ಇದೇ ದಾರಿಯದು.

ವ್ಯವಸ್ಥೆಯ ಸ್ವರೂಪ

ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅವರು ಲಿನಕ್ಸ್ ಎಂಬ ಕರ್ನಲನ್ನು, ಎಂದರೆ ವ್ಯವಸ್ಥೆಯ ತಿರುಳನ್ನು, ಬರೆದು ಹಂಚಿದರು. ಇವೆರಡರ ಮೇಲೆ ಕಟ್ಟಿದ ಉಬುಂಟು 2004ರಲ್ಲಿ ಹೊರಬಂದಿತು. ಇದರ ಮೂಲಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಲಿಯುವುದು ಕೇರಳದ ಕೈಟ್ ಸಂಸ್ಥೆಯು ಉಬುಂಟುವಿನ ಆಧಾರದಿಂದ ಸಿದ್ಧಪಡಿಸಿದ ವ್ಯವಸ್ಥೆಯಲ್ಲಿಯೇ.

ಹೀಗಿದ್ದೂ ವೈ-ಫೈ ಏಕೆ ತೊಡಕಾಗುತ್ತದೆ? ವ್ಯವಸ್ಥೆಯು ಮುಕ್ತವಾದರೂ, ಯಂತ್ರದೊಳಗಿನ ವೈ-ಫೈ ಬಿಲ್ಲೆಯನ್ನು ಮಾಡುವ ಕಂಪನಿಗಳು ಅದನ್ನು ನಡೆಸುವ ಫರ್ಮ್‌ವೇರ್ ಎಂಬ ಬರಹವನ್ನು ಹಲವು ವೇಳೆ ಗುಟ್ಟಾಗಿ ಇಡುತ್ತವೆ. ಈ ಕಾರಣದಿಂದಲೇ ಡೆಬಿಯನ್ ಎಂಬ ವ್ಯವಸ್ಥೆಯು 2023ರ 12ನೆಯ ಆವೃತ್ತಿಯವರೆಗೂ ಅಂತಹ ಫರ್ಮ್‌ವೇರನ್ನು ತನ್ನ ಅಧಿಕೃತ ಸ್ಥಾಪನಾಪ್ರತಿಯಲ್ಲಿ ಸೇರಿಸಿರಲಿಲ್ಲ.

ಪರೀಕ್ಷೆಯ ಕ್ರಮ

ಮೊದಲು ಒಂದು ಎಚ್ಚರಿಕೆ. ಅಮೂಲ್ಯವಾದುದನ್ನೆಲ್ಲ ಪೆನ್ ಡ್ರೈವಿಗೆ ಪ್ರತಿಮಾಡಿಕೊಂಡು ಆಮೇಲೆ ಕೈಹಾಕತಕ್ಕದ್ದು. ಕೆಳಗೆ ಹೇಳಿದ ಆಜ್ಞೆಗಳನ್ನು ಟರ್ಮಿನಲ್ ಎಂಬ ಕಿಟಕಿಯಲ್ಲಿ ರೋಮನ್ ಸಣ್ಣಕ್ಷರಗಳಿಂದ ಬರೆಯಬೇಕು.

1. ದೋಷವು ಯಾರದು? ಅದೇ ವೈ-ಫೈಗೆ ಮೊಬೈಲನ್ನು ಸೇರಿಸಿ ನೋಡಿರಿ. ಅದೂ ಸೇರದಿದ್ದರೆ ದೋಷವು ರೂಟರಿನದು ಅಥವಾ ಹೊರಗಿನ ತಂತಿಯದು, ಗಣಕಯಂತ್ರವನ್ನು ದೂರಬೇಡಿರಿ.

2. ಬಾಗಿಲು ಮುಚ್ಚಿದೆಯೇ? 'ಆರ್‌ಎಫ್‌ಕಿಲ್ ಲಿಸ್ಟ್' ಎಂದು ಕೇಳಿರಿ. 'ಸಾಫ್ಟ್ ಬ್ಲಾಕ್ಡ್' ಎಂಬಲ್ಲಿ 'ಎಸ್' ಎಂದಿದ್ದರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಎಂದರೆ ತೆರೆಯುತ್ತದೆ. 'ಹಾರ್ಡ್ ಬ್ಲಾಕ್ಡ್' ಎಂದಿದ್ದರೆ ಯಂತ್ರದ ಅಂಚಿನಲ್ಲಿಯೋ ಕೀಲಿಮಣೆಯಲ್ಲಿಯೋ ಇರುವ ಗುಂಡಿಯನ್ನು ಹುಡುಕಬೇಕು.

3. ಯಂತ್ರಾಂಗವು ಕಾಣುತ್ತಿದೆಯೇ? ಒಳಗಿನ ಬಿಲ್ಲೆಗೆ 'ಎಲ್‌ಎಸ್‌ಪಿಸಿಐ', ಹೊರಗೆ ಚುಚ್ಚುವ ಸಾಧನಕ್ಕೆ 'ಎಲ್‌ಎಸ್‌ಯುಎಸ್‌ಬಿ' ಎಂದು ಕೇಳಿದರೆ ಅದರ ಹೆಸರು ಬರುತ್ತದೆ. ಅನಂತರ 'ಎನ್‌ಎಂಸಿಎಲ್‌ಐ ಡಿವೈಸ್' ಎನ್ನಬೇಕು. ಹಿಂದಿನ ಪಟ್ಟಿಯಲ್ಲಿ ಬಿಲ್ಲೆಯಿದ್ದು ಈ ಪಟ್ಟಿಯಲ್ಲಿ ವೈ-ಫೈ ಸಾಲೇ ಇಲ್ಲದಿದ್ದರೆ, ಬಿಲ್ಲೆಯನ್ನು ನಡೆಸುವ ಡ್ರೈವರ್ ಅಥವಾ ಫರ್ಮ್‌ವೇರ್ ದೊರೆಯುತ್ತಿಲ್ಲವೆಂದು ತಿಳಿಯಬಹುದು.

4. ಸೇರ್ಪಡೆಯಾಗಿದೆಯೇ? 'ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ಲಿಸ್ಟ್' ಎಂದರೆ ಸುತ್ತಲಿನ ಜಾಲಗಳ ಹೆಸರೂ ಬಲವೂ ಕಾಣುತ್ತವೆ. ನಮ್ಮ ಜಾಲವೊಂದೇ ಕಾಣದಿದ್ದರೆ ರೂಟರು 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ನುಡಿಯುತ್ತಿರಬಹುದು. ಹಳೆಯ ಬಿಲ್ಲೆಗಳಲ್ಲಿ ಹಲವು 2.4 ಗಿಗಾಹರ್ಟ್ಸ್ ಒಂದನ್ನೇ ಕೇಳಬಲ್ಲವು. ಹೆಸರು ಕಂಡೂ ಸೇರದಿದ್ದರೆ ಉಳಿಸಿಟ್ಟ ಹಳೆಯ ಪಾಸ್‌ವರ್ಡನ್ನು ಅಳಿಸಿ ಹೊಸದಾಗಿ ಕೊಡಬೇಕು.

5. ವಿಳಾಸವು ದೊರೆತಿದೆಯೇ? ಸೇರಿದ ಯಂತ್ರಕ್ಕೆ ರೂಟರು ಒಂದು ಅಂಕೆಯ ವಿಳಾಸವನ್ನು ಕೊಡುತ್ತದೆ. 'ಐಪಿ ಅಡ್ರೆಸ್' ಎಂದರೆ ಅದು ಕಾಣಬೇಕು. 'ಐಪಿ ರೂಟ್' ಎಂದಾಗ 'ಡಿಫಾಲ್ಟ್ ವಯಾ' ಎಂಬುದರ ಮುಂದಿರುವುದು ರೂಟರಿನ ವಿಳಾಸ. ಅದನ್ನು 'ಪಿಂಗ್' ಎಂದು ಕರೆದಾಗ ಓಗೊಟ್ಟರೆ ಮನೆಯೊಳಗಿನ ದಾರಿ ಸರಿಯಿದೆ.

6. ಹೆಸರು ಅರ್ಥವಾಗುತ್ತಿದೆಯೇ? ಗೂಗಲ್ ಸಂಸ್ಥೆಯ ಸಾರ್ವಜನಿಕ ವಿಳಾಸವಾದ 8.8.8.8 ಓಗೊಟ್ಟು, ಹೆಸರಿನಿಂದ ಕರೆದ ತಾಣವು ಓಗೊಡದಿದ್ದರೆ ದೋಷವು ಡಿಎನ್‌ಎಸ್‌ನದು, ಎಂದರೆ ಹೆಸರನ್ನು ಅಂಕೆಯಾಗಿ ಬದಲಿಸುವ ಏರ್ಪಾಡಿನದು.

7. ಗಡಿಯಾರ ಸರಿಯಿದೆಯೇ? ಹಳೆಯ ಯಂತ್ರದೊಳಗಿನ ಪುಟ್ಟ ಬ್ಯಾಟರಿ ಸತ್ತರೆ ದಿನಾಂಕವು ವರ್ಷಗಟ್ಟಲೆ ಹಿಂದಕ್ಕೆ ಸರಿಯುತ್ತದೆ. ಆಗ ಜಾಲವೆಲ್ಲ ಸರಿಯಿದ್ದರೂ, ತಾಣಗಳ ಭದ್ರತಾಪತ್ರದ ಅವಧಿ ಹೊಂದದೆ ಪುಟಗಳು ತೆರೆಯುವುದಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿದುದನ್ನು ಕಾಗದದಲ್ಲಿ ಬರೆದುಕೊಳ್ಳಬೇಕು. ನಾಲ್ಕನ್ನು ಒಟ್ಟಿಗೆ ತಿರುಚಿದವನಿಗೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

ನಮ್ಮ ಯಂತ್ರದ ಕಥೆ

ನಮ್ಮ ಯಂತ್ರವು ಎರಡು ಮೆಟ್ಟಿಲು ದಾಟಿ ಮೂರನೆಯದರಲ್ಲಿ ಎಡವಿತು. ಬಿಲ್ಲೆಯ ಹೆಸರು ಕಂಡಿತು. ವೈ-ಫೈ ಸಾಲು ಕಾಣಲಿಲ್ಲ. "ನಿನ್ನೆ ಇದ್ದುದು ಇಂದು ಏಕಿಲ್ಲ? ನಡುವೆ ಏನಾಯಿತು?" ಎಂದು ಕೇಳಿದೆನು. "ನಿನ್ನೆ ಸಂಜೆ ಅಪ್‌ಡೇಟ್ ಆಯ್ತು ಸಾರ್" ಎಂದಳು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು. ಕೀಲಿಕೈ ಆ ಮಾತಿನಲ್ಲಿಯೇ ಇತ್ತು. ಹೊಸ ಕರ್ನಲ್ ಬಂದಿತ್ತು. ಆ ಬಿಲ್ಲೆಯ ಡ್ರೈವರು ಕರ್ನಲಿಗೆ ಹೊರಗಿನದಾದುದರಿಂದ ಹೊಸತಕ್ಕೆ ಹೊಂದುವಂತೆ ಸಿದ್ಧವಾಗಿರಲಿಲ್ಲ. ಉಬುಂಟು ಹಳೆಯ ಕರ್ನಲನ್ನು ಒಡನೆಯೇ ಬಿಸಾಡುವುದಿಲ್ಲ. ಯಂತ್ರವನ್ನು ಮತ್ತೆ ಹೊತ್ತಿಸಿ, ಆರಂಭದ ಪಟ್ಟಿಯಲ್ಲಿ 'ಅಡ್ವಾನ್ಸ್‌ಡ್ ಆಪ್ಷನ್ಸ್' ಎಂಬುದರೊಳಗೆ ಹಿಂದಿನ ಕರ್ನಲನ್ನು ಆರಿಸಿದೆವು. ವೈ-ಫೈ ಬಂದಿತು.

ಮೊದಲು ಮಾಡಿದ ಕೆಲಸವೆಂದರೆ ಸಂಗ್ರಹವನ್ನೆಲ್ಲ ಪೆನ್ ಡ್ರೈವಿಗೆ ಪ್ರತಿಮಾಡಿದುದು. ಆರಂಭದಲ್ಲಿಯೇ ಮಾಡಬೇಕಾಗಿದ್ದ ಕೆಲಸವದು. ಬಳಿಕ ಹೊಸ ಕರ್ನಲಿಗೆ ಮರಳಿ, ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಇಂಟರ್ನೆಟ್ಟನ್ನು ಎರವಲು ಪಡೆದು, 'ಅಡಿಷನಲ್ ಡ್ರೈವರ್ಸ್' ಎಂಬಲ್ಲಿ ಡ್ರೈವರನ್ನು ಮತ್ತೊಮ್ಮೆ ಸ್ಥಾಪಿಸಿದೆವು. ಖರ್ಚಾದುದು ಒಂದು ಮಧ್ಯಾಹ್ನ ಮಾತ್ರ.

ಉಪಸಂಹಾರ

ವಿದ್ಯಾರ್ಥಿಗಳೇ, ತಿಳಿಯದುದನ್ನು ಅಳಿಸಿಬಿಡುವುದು ಸುಲಭ. ತಿಳಿದು ತಿದ್ದುವುದು ವಿದ್ಯೆ. ಆಜ್ಞೆಗಳ ಹೆಸರುಗಳು ಮುಂದೆ ಬದಲಾಗಬಹುದು. ಆದರೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲನ್ನು ಪರೀಕ್ಷಿಸುವ ಕ್ರಮವೂ, "ನಿನ್ನೆಗೂ ಇಂದಿಗೂ ನಡುವೆ ಏನಾಯಿತು?" ಎಂಬ ಪ್ರಶ್ನೆಯೂ ಬದಲಾಗವು. ಆ ಪ್ರಶ್ನೆಗೆ ಉತ್ತರವಿತ್ತ ಹುಡುಗಿಯ ಅಜ್ಜಿಯ ಹಾಡುಗಳು ಇಂದಿಗೂ ಆ ಯಂತ್ರದಲ್ಲಿ ಭದ್ರವಾಗಿವೆ. ಅವುಗಳ ಪ್ರತಿಗಳು ಈಗ ಬೇರೆ ಎರಡು ಕಡೆಗಳಲ್ಲಿಯೂ ಇವೆ.