ಶ್ರೀಶೈಲದ ಪಾದಯಾತ್ರೆ: ಗಂಟು ಹಗುರಾಗುವ ದಾರಿ

ಶ್ರೀಶೈಲದ ಪಾದಯಾತ್ರೆ ಉತ್ತರ ಕರ್ನಾಟಕದ ಜನ ಯುಗಾದಿಗೆ ಮುಂಚೆ ಕೈಗೊಳ್ಳುವ ಹರಕೆಯ ನಡಿಗೆ. 12 ಜ್ಯೋತಿರ್ಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನ ಈ ಸೀಮೆಯವರ ಬಾಯಲ್ಲಿ ಮಲ್ಲಯ್ಯ. ಭ್ರಮರಾಂಬೆ ಅವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ತವರಿನವರು ಮಗಳನ್ನು ಕಾಣಲು ಹೋಗುವಂತೆ ಸೀರೆ, ಕುಪ್ಪಸ ಹಿಡಿದು ಹೊರಡುತ್ತಾರೆ. ಕೆಲವು ತಂಡಗಳ ಮುಂದೆ ಹೆಗಲೇರಿದ ಕಂಬಿ, ಎಂದರೆ ಮಲ್ಲಯ್ಯನ ಕಾವಡಿ, ಸಾಗುತ್ತದೆ.

ಹೀಗೆ ಹೊರಡುವ ಊರುಗಳಲ್ಲೊಂದು ಚಿತ್ತಾಪುರ ತಾಲ್ಲೂಕಿನ ರಾವೂರ, ಶಹಾಬಾದ ಕಲ್ಲಿನ ಗಣಿಗಳ ನಡುವಿನ ಊರು. ಅಲ್ಲಿಂದ ವಾಡಿ, ಯಾದಗಿರಿ, ರಾಯಚೂರು, ಕರ್ನೂಲು, ಆತ್ಮಕೂರು ಹಾದು ಹೋದರೆ ಶ್ರೀಶೈಲ 300 ಕಿ.ಮೀ.ಗೂ ದೂರ. ಶಕ್ತಿನಗರದಲ್ಲಿ ಕೃಷ್ಣಾ, ಕರ್ನೂಲಿನಲ್ಲಿ ತುಂಗಭದ್ರಾ ದಾಟಬೇಕು. ಆತ್ಮಕೂರಿನ ಬಳಿಯ ವೆಂಕಟಾಪುರದಿಂದ ನಲ್ಲಮಲದ ಕಾಡುದಾರಿ ಶುರು: ನಾಗಲೂಟಿ, ಪೆದ್ದ ಚೆರುವು, ಭೀಮುನಿ ಕೊಲನು, ಕೈಲಾಸದ್ವಾರ.

ಈ ದಾರಿ ಕಲಿಸುವ ಮೊದಲ ಪಾಠ ಗಂಟಿನದು. ಹೊಸದಾಗಿ ಹೊರಟವರ ಗಂಟಿನಲ್ಲಿ ನಾಲ್ಕು ಜೊತೆ ಬಟ್ಟೆ, ಕೌದಿ, ವಾರಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲವೂ ಇರುತ್ತವೆ. ಎರಡನೆಯ ದಿನ ಹೆಗಲು ನೊಂದಾಗ ಗಂಟು ಬಿಚ್ಚುತ್ತಾರೆ. ದಾರಿಯುದ್ದಕ್ಕೂ ಊರಿನವರು ಪೆಂಡಾಲು ಹಾಕಿ ಮಜ್ಜಿಗೆ, ಅನ್ನ, ಸಾರು ಬಡಿಸುತ್ತಾರೆ. ಹೆಸರು, ಜಾತಿ ಕೇಳುವುದಿಲ್ಲ, 'ಉಣ್ರಿ' ಎನ್ನುತ್ತಾರೆ. ಅನ್ನ ಸಿಗಲಿಕ್ಕಿಲ್ಲ, ನೆರಳು ಸಿಗಲಿಕ್ಕಿಲ್ಲ ಎಂಬ ಅಂಜಿಕೆಯೇ ಗಂಟಿನ ಅರ್ಧ ತೂಕವಾಗಿತ್ತೆಂದು ಆಗ ತಿಳಿಯುತ್ತದೆ. ಅನುಭವಿಗಳು ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ನೀರಿನ ಬಾಟಲಿಗೆ ನಿಲ್ಲುತ್ತಾರೆ.

ಎರಡನೆಯ ಪಾಠ ಕಾಲಿನದು. ಫಾಲ್ಗುಣದ ಬಿಸಿಲಿಗೆ ಡಾಂಬರು ಕಾಯುವುದರಿಂದ ನಸುಕಿಗೆ ಎದ್ದು ನಡೆದು, ಮಧ್ಯಾಹ್ನ ಮರದಡಿ ಮಲಗಿ, ಇಳಿಹೊತ್ತಿಗೆ ಮತ್ತೆ ಹೆಜ್ಜೆ ಹಾಕುತ್ತಾರೆ. ಆದರೂ ಅಂಗಾಲಿನಲ್ಲಿ ಗುಳ್ಳೆ ಏಳುತ್ತವೆ. ಪೆಂಡಾಲಿನಲ್ಲಿ ಯಾರದೋ ಮನೆಯ ಹುಡುಗ ಕೆಳಗೆ ಕೂತು, ಧೂಳು ಮೆತ್ತಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಎಣ್ಣೆ ಹಚ್ಚಿ ಮೀನಖಂಡ ತಿಕ್ಕುತ್ತಾನೆ. ಊರಲ್ಲಿ ನಾಲ್ಕು ಜನಕ್ಕೆ ಹೇಳಿ ಮಾಡಿಸುವ ಹಿರಿಯರಿಗೆ ಕಾಲು ಮುಂದೆ ಚಾಚುವುದು ಸುಲಭವಲ್ಲ. ಅವರು ಮೊದಲು ಬೇಡವೆನ್ನುತ್ತಾರೆ, ಆಮೇಲೆ ಕಣ್ಣು ಮುಚ್ಚಿ ಕೂರುತ್ತಾರೆ. ಸೇವೆ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದಕ್ಕೆ ಹೆಚ್ಚು ವಿನಯ ಬೇಕು.

ಮೂರನೆಯದು ಮನಸ್ಸಿನ ಹೊರೆ. ತೀರದ ಸಾಲ, ಅಗಲಿದ ಮಗ, ಹೊಲದ ಪಾಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು: ಹರಕೆಯ ಹಿಂದೆ ಇಂಥದ್ದೇನಾದರೂ ಇದ್ದೇ ಇರುತ್ತದೆ. ಮನೆಯಲ್ಲಿ ಎದುರು ಕೂತು ಆಡಲಾಗದ ಮಾತು, ಇಬ್ಬರೂ ಮುಂದಿನ ದಾರಿ ನೋಡುತ್ತ ಜೊತೆಯಾಗಿ ನಡೆವಾಗ ತಾನಾಗಿ ಹೊರಬರುತ್ತದೆ. ಕೇಳಿದವರು ಬುದ್ಧಿ ಹೇಳುವುದಿಲ್ಲ, ಹೆಜ್ಜೆ ಕೂಡಿಸುತ್ತಾರೆ. ನಡೆದರೆ ಸಾಲ ತೀರದು, ಸತ್ತವರು ಬಾರರು. ಒಬ್ಬರೇ ಹೊತ್ತ ದುಃಖಕ್ಕೆ ಇನ್ನೊಂದು ಹೆಗಲು ಸಿಗುತ್ತದೆ, ಅಷ್ಟು ದೊಡ್ಡ ಉಪಕಾರ ಈ ದಾರಿಯದು.

ಕೊನೆಯ ಏರು ಮೆಟ್ಟಿಲುಗಳದು. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ 14ನೇ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮನದು. ಅದಕ್ಕೂ ಎರಡು ಶತಮಾನ ಹಿಂದೆ ಅಕ್ಕಮಹಾದೇವಿ ಅರಮನೆ, ಉಡುಗೆ, ತೊಡುಗೆ ಎಲ್ಲ ತೊರೆದು, ಕಲ್ಯಾಣದಿಂದ ಇಲ್ಲಿನ ಕದಳಿವನಕ್ಕೆ ಬಂದಳೆಂದು ಶರಣ ಪರಂಪರೆ ಹೇಳುತ್ತದೆ. ಬಿಟ್ಟು ಬರುವುದನ್ನು ಈ ನಾಡಿಗೆ ಕಲಿಸಿದವಳು ಅವಳು.

ಬೆಟ್ಟದ ಕೆಳಗೆ ಪಾತಾಳಗಂಗೆಯಲ್ಲಿ ಯಾತ್ರಿಕರು ಮುಳುಗೇಳುತ್ತಾರೆ. ಅದು ಕೃಷ್ಣೆಯೇ. ಶಹಾಬಾದ ಸೀಮೆಯ ಕಾಗಿಣಾ ಭೀಮೆಯನ್ನು ಸೇರಿ, ಭೀಮೆ ಕೃಷ್ಣೆಯನ್ನು ಕೂಡಿ, ಸಂಗಮೇಶ್ವರದ ಬಳಿ ತುಂಗಭದ್ರೆಯೂ ಬೆರೆತು ಇಲ್ಲಿಗೆ ಬರುತ್ತದೆ. ದಾರಿಯಲ್ಲಿ ಬೇರೆ ಬೇರೆಯಾಗಿ ದಾಟಿದ ಹೊಳೆಗಳೆಲ್ಲ, ತಮ್ಮೂರ ಕಡೆಯ ಮಳೆನೀರೂ ಸೇರಿ, ಆ ಒಂದೇ ಮುಳುಗಿನಲ್ಲಿ ಮೈಗೆ ತಾಗುತ್ತವೆ.