ಹಿರಿಯರ ಊಟ: ಕೊರೊನಾ ಕಾಲ ಕಲಿಸಿದ ಪಾಠ



2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆಯಿತು. ಕೃಷ್ಣಗಿರಿ ಜಿಲ್ಲೆಗೆ ರೋಗ ತಡವಾಗಿ ಬಂದಿತು. ಏಪ್ರಿಲ್ ಕೊನೆಯಲ್ಲಿ ತಮಿಳುನಾಡಿನ ಏಕೈಕ ಹಸಿರು ವಲಯ ನಮ್ಮದೇ. ಆದರೆ ನಿರ್ಬಂಧಗಳು ಮೊದಲೇ ಬಂದವು. ಅತ್ತಿಬೆಲೆ ಗಡಿ ದಾಟಲು ಪಾಸ್ ಬೇಕಾಯಿತು. 65 ವರ್ಷ ಮೀರಿದವರು ಮನೆಯಲ್ಲೇ ಇರಬೇಕೆಂದು ಕೇಂದ್ರ ಸರ್ಕಾರ ಸೂಚಿಸಿತು. ನಮ್ಮ ಮಠದ ದಾಸೋಹವೂ ನಿಂತಿತು.

ಆಗ ಹಿರಿಯರ ಊಟ ಎರಡು ಬಗೆಯಾದುದನ್ನು ನಾವು ಕಂಡೆವು. ಬೆಂಗಳೂರಿನಿಂದ ಮಕ್ಕಳು ಬಂದು ಸೇರಿದ ಮನೆಗಳಲ್ಲಿ ಹೊತ್ತಿಗೆ ಸರಿಯಾಗಿ ಬಿಸಿ ಮುದ್ದೆ, ಹುರುಳಿ ಸಾರು ನಡೆಯಿತು. ಮಕ್ಕಳು ಗಡಿಯಾಚೆ ಉಳಿದ ಮನೆಗಳಲ್ಲಿ, ಒಬ್ಬರಿಗಾಗಿ ಮುದ್ದೆ ಏಕೆಂದು, ಬೆಳಿಗ್ಗೆ ಮಾಡಿದ ಅನ್ನವೇ ಮೂರು ಹೊತ್ತಿಗೂ ಆಯಿತು; ನೆಂಚಿಕೊಳ್ಳಲು ಉಪ್ಪಿನಕಾಯಿ. ಹೊಲದಲ್ಲಿ ಟೊಮೆಟೊ ಕೊಳೆಯುತ್ತಿದ್ದಾಗ ಅದೇ ಊರಿನ ಹಿರಿಯರ ತಟ್ಟೆಯಲ್ಲಿ ತರಕಾರಿ ಇರಲಿಲ್ಲ.

ಅಕ್ಕಿಗೆ ಕೊರತೆ ಇರಲಿಲ್ಲ. ಏಪ್ರಿಲ್‌ನಿಂದ ಕೇಂದ್ರದ ಯೋಜನೆಯಲ್ಲಿ ತಲೆಗೆ 5 ಕಿಲೋ ಧಾನ್ಯ ಉಚಿತವಾಗಿ ಬಂದಿತು. ನಾವೂ ಮನೆಮನೆಗೆ ಪಡಿ ಹಂಚಿದೆವು. ಒಬ್ಬ ಅಜ್ಜಿ, ಅಕ್ಕಿ ಇದೆಯಪ್ಪಾ, ಜೊತೆಗೆ ಕೂತು ಉಣ್ಣುವವರಿಲ್ಲ ಎಂದರು. ನಾವು ಚೀಲದ ಲೆಕ್ಕ ಬರೆದುಕೊಂಡು ಮುಂದೆ ಹೋದೆವು. ಅವರು ಉಂಡರೋ ಇಲ್ಲವೋ ಎಂಬ ಲೆಕ್ಕ ನಮ್ಮ ಪುಸ್ತಕದಲ್ಲಿರಲಿಲ್ಲ. ಈ ತಪ್ಪು ನಮ್ಮದು.

ವಯಸ್ಸಾದಂತೆ ಹಸಿವು ಕುಗ್ಗುತ್ತದೆ, ಮಾಂಸಖಂಡ ಕರಗುತ್ತದೆ. 50 ಕಿಲೋ ತೂಕದವರಿಗೂ ದಿನಕ್ಕೆ ಸುಮಾರು 40 ಗ್ರಾಂ ಪ್ರೋಟೀನ್ ಬೇಕು. ಬರೀ ಅನ್ನದಿಂದ ಅದು ಒದಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು. ಉಪ್ಪಿನಕಾಯಿಯ ಉಪ್ಪು ರಕ್ತದೊತ್ತಡದವರಿಗೆ ಒಳ್ಳೆಯದಲ್ಲ.

ಆದ್ದರಿಂದ ಸದ್ಭಕ್ತರು ಗಮನಿಸಬೇಕಾದ ಅಂಶಗಳು:

1. ದಿನಕ್ಕೊಂದು ಹೊತ್ತಾದರೂ ಹಿರಿಯರೊಡನೆ ಕುಳಿತು ಉಣ್ಣಿರಿ. ದೂರದಲ್ಲಿರುವವರು ಫೋನಿನಲ್ಲಿ ‘ಊಟ ಆಯಿತೇ’ ಎನ್ನುವ ಬದಲು ‘ಏನು ಉಂಡಿರಿ’ ಎಂದು ಕೇಳಿರಿ.

2. ಹಲ್ಲಿಲ್ಲದವರಿಗೆ ರಾಗಿ ಅಂಬಲಿ, ಮೆತ್ತಗೆ ಬೆಂದ ಬೇಳೆ, ಮಸ್ಸೊಪ್ಪು, ಮೊಸರು ಕೊಡಿರಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಲಿ.

3. ಬೀದಿಯಲ್ಲಿ ಒಂಟಿ ಹಿರಿಯರಿದ್ದರೆ ನಿಮ್ಮ ಮನೆಯ ಸಾರಿನಲ್ಲಿ ಒಂದು ಬಟ್ಟಲು ಅವರಿಗಿರಲಿ.

ಕೊರೊನಾ ಹೋಯಿತು, ಒಂಟಿ ಊಟ ಇನ್ನೂ ಹೋಗಿಲ್ಲ. ದಾಸೋಹವೆಂದರೆ ಅಕ್ಕಿ ಕೊಟ್ಟು ಕೈತೊಳೆದುಕೊಳ್ಳುವುದಲ್ಲ, ಜೊತೆಗೆ ಕುಳಿತು ಉಣ್ಣುವುದು. ಅದು ನಮ್ಮ ನಮ್ಮ ಮನೆಯ ಹಿರಿಯರಿಂದಲೇ ಆರಂಭವಾಗಲಿ.



— ಕಾರ್ಯದರ್ಶಿ